ಮಾಯದ ನೋವಿಗೆ ಕಾಂತಶಕ್ತಿಯ ಚಿಕಿತ್ಸೆ

‘ಗಾಯ ಮಾಯಿತು, ನೋವು ಮಾಯಲಿಲ್ಲ’ ಎಂಬ ಮಾತನ್ನು ಬಡವನಹಳ್ಳಿಯ ಸುತ್ತಮುತ್ತಲ ಊರುಗಳಲ್ಲಿ ನಾವು ಆಗಾಗ ಕೇಳುತ್ತೇವೆ. ಎರಡು ವರ್ಷಗಳ ಹಿಂದೆ ಸರ್ಪಸುತ್ತು ಎದ್ದು ಒಣಗಿಹೋದ ಹಿರಿಯರಿಗೆ ಇಂದಿಗೂ ಪಕ್ಕೆಗೆ ಅಂಗಿ ತಾಗಿದರೆ ಬೆಂಕಿ ಸೋಕಿದಂತಾಗುತ್ತದೆ. ಸಕ್ಕರೆ ಕಾಯಿಲೆಯ ತಾಯಂದಿರು ನಡುರಾತ್ರಿ ಎದ್ದು, ಉರಿಯುವ ಅಂಗಾಲುಗಳನ್ನು ತಣ್ಣನೆಯ ನೆಲಕ್ಕೆ ಒತ್ತಿಕೊಂಡು ಕುಳಿತಿರುತ್ತಾರೆ. ಹುಣಸೆ ಬಡಿಯಲು ಮರ ಹತ್ತಿ ಜಾರಿಬಿದ್ದ ಯುವಕನ ಬೆನ್ನುಮೂಳೆಯ ಮುರಿತ ಕೂಡಿಕೊಂಡಿರುತ್ತದೆ. ಆದರೆ ಸ್ಪರ್ಶವೇ ತಿಳಿಯದ ಅವನ ಕಾಲಿನಲ್ಲಿ ಕರೆಂಟು ಹೊಡೆದಂತಹ ಛಳುಕು ದಿನಕ್ಕೆ ಹತ್ತಾರು ಬಾರಿ ಬಂದುಹೋಗುತ್ತದೆ. ಇಂತಹವರು ಎಕ್ಸ್‌ರೇ ತೆಗೆಸುತ್ತಾರೆ, ರಕ್ತ ಪರೀಕ್ಷೆ ಮಾಡಿಸುತ್ತಾರೆ, ಎಲ್ಲವೂ ಸರಿಯಾಗಿದೆ ಎಂಬ ವರದಿ ಹಿಡಿದು ಮನೆಗೆ ಮರಳುತ್ತಾರೆ. ಅಲ್ಲಿಂದಾಚೆಗೆ ಅವರ ನೋವಿನ ಜೊತೆಗೆ ಮನೆಯವರ ಸಂಶಯವೂ ಸೇರಿಕೊಳ್ಳುತ್ತದೆ. ಕೆಲಸ ತಪ್ಪಿಸಿಕೊಳ್ಳುವ ನೆಪವೆಂದು ಕೆಲವರು, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಕೆಲವರು ಹೇಳಿ ಸುಮ್ಮನಾಗುತ್ತಾರೆ.

ಇದು ನೆಪವಲ್ಲ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಪ್ರತ್ಯೇಕವಾದ ಹೆಸರೂ ಲಕ್ಷಣವೂ ಇವೆ. ಸ್ಪರ್ಶ, ಶಾಖ, ನೋವು ಮುಂತಾದ ಸಂವೇದನೆಗಳನ್ನು ಒಯ್ಯುವ ನರವ್ಯೂಹಕ್ಕೇ ಪೆಟ್ಟು ಬಿದ್ದು ಅಥವಾ ರೋಗ ತಗುಲಿ ಹುಟ್ಟುವ ನೋವನ್ನು ನರಜನ್ಯ ನೋವು ಎನ್ನುತ್ತಾರೆ. ಜನಸಂಖ್ಯೆಯಲ್ಲಿ ನೂರಕ್ಕೆ ಏಳರಿಂದ ಹತ್ತು ಮಂದಿಯಲ್ಲಿ ಈ ಬಗೆಯ ನೋವು ಇರಬಹುದೆಂದು ಹಲವು ದೇಶಗಳ ಸಮೀಕ್ಷೆಗಳು ಅಂದಾಜು ಮಾಡಿವೆ. ಮಾತ್ರೆಗಳಿಗೆ ಜಗ್ಗದ ಇಂತಹ ನೋವಿಗೆ, ತಲೆಯ ಮೇಲೆ ಕಾಂತಶಕ್ತಿಯ ಮಿಡಿತಗಳನ್ನು ಹಾಯಿಸಿ ಮಿದುಳನ್ನು ಪ್ರಚೋದಿಸುವ ಚಿಕಿತ್ಸೆಯೊಂದು ಕಳೆದ ಕೆಲವು ದಶಕಗಳಲ್ಲಿ ರೂಪುಗೊಂಡಿದೆ. ಅದು ಏನು, ಎಷ್ಟು ನಂಬಬಹುದು, ನಮ್ಮ ಭಾಗದ ರೋಗಿಗಳಿಗೆ ಎಷ್ಟರಮಟ್ಟಿಗೆ ಒದಗೀತು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ.

ನೋವಿನಲ್ಲಿ ಎರಡು ಬಗೆ

ಮುಳ್ಳು ಚುಚ್ಚಿದಾಗ, ಕೀಲು ಊದಿದಾಗ ಬರುವ ನೋವು ಕಾವಲುಗಾರನಂತೆ. ಅಲ್ಲಿ ಅಪಾಯವಿದೆ ಎಂದು ನರಗಳು ಸುದ್ದಿ ಕಳುಹಿಸುತ್ತವೆ. ಮುಳ್ಳು ತೆಗೆದರೆ, ಊತ ಇಳಿದರೆ ಸುದ್ದಿಯೂ ನಿಲ್ಲುತ್ತದೆ. ನರಜನ್ಯ ನೋವಿನ ರೀತಿ ಬೇರೆ. ನಮ್ಮ ರೈತರಿಗೆ ಪರಿಚಿತವಾದ ಕೊಳವೆಬಾವಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕೆಳಗಿನ ಮೋಟಾರು ಸರಿಯಾಗಿದೆ, ಮೇಲಿನ ಸ್ಟಾರ್ಟರೂ ಸರಿಯಾಗಿದೆ. ನಡುವಿನ ಕೇಬಲ್ಲಿನ ಹೊದಿಕೆ ಎಲ್ಲಿಯೋ ಸುಲಿದಿದೆ. ಆಗ ಸ್ಟಾರ್ಟರು ಕಾರಣವಿಲ್ಲದೆ ಮತ್ತೆಮತ್ತೆ ಬಿದ್ದುಹೋಗುತ್ತದೆ. ಮೋಟಾರನ್ನು ಮೇಲೆತ್ತಿಸಿ ಎಷ್ಟು ಬಾರಿ ರಿಪೇರಿ ಮಾಡಿಸಿದರೂ ತೊಂದರೆ ಹೋಗದು. ಹಾಗೆಯೇ ಇಲ್ಲಿ ಪಾದದಲ್ಲಿ ಗಾಯವಿಲ್ಲ. ಪಾದದ ಸುದ್ದಿ ಹೊರುವ ತಂತಿಯೇ ಕೆಟ್ಟು ಸುಳ್ಳು ಸುದ್ದಿ ಕಳುಹಿಸುತ್ತಿದೆ. ಕೀಲುನೋವಿಗೆ ಅಂಗಡಿಯಲ್ಲಿ ಕೊಳ್ಳುವ ಸಾಮಾನ್ಯ ನೋವಿನ ಮಾತ್ರೆಗಳು ಈ ನೋವಿಗೆ ಹೆಚ್ಚಾಗಿ ನಾಟದಿರುವುದಕ್ಕೆ ಕಾರಣ ಇದೇ. ಅಂತಹ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿ ಮೂತ್ರಪಿಂಡ ಕೆಡಿಸಿಕೊಂಡವರೂ, ಹೊಟ್ಟೆಹುಣ್ಣು ಮಾಡಿಕೊಂಡವರೂ ಉಂಟು.

ಈ ನೋವನ್ನು ಗುರುತಿಸಲು ರೋಗಿ ಬಳಸುವ ಮಾತುಗಳೇ ಅರ್ಧ ದಾರಿ ತೋರಿಸುತ್ತವೆ. ಉರಿ, ಮಂಜುಗಡ್ಡೆ ಇಟ್ಟಂತಹ ನೋವಿನ ಶೀತ, ಕರೆಂಟು ಹೊಡೆದಂತೆ, ಇರುವೆ ಹರಿದಂತೆ, ಸೂಜಿಗಳಿಂದ ಚುಚ್ಚಿದಂತೆ, ಜೋಮು, ನವೆ — ಈ ಏಳು ಅನುಭವಗಳಲ್ಲಿ ಯಾವುವು ಇವೆ ಎಂದು ಕೇಳಿ, ನೋವಿನ ಜಾಗದಲ್ಲಿ ಸ್ಪರ್ಶವೂ ಚುಚ್ಚಿದ್ದೂ ಮಂದವಾಗಿ ತಿಳಿಯುತ್ತದೆಯೇ, ಕುಂಚದಿಂದ ಮೃದುವಾಗಿ ಸವರಿದರೆ ನೋವು ಕೆರಳುತ್ತದೆಯೇ ಎಂದು ಪರೀಕ್ಷಿಸಿ, ಹತ್ತಕ್ಕೆ ಅಂಕ ಹಾಕುವ ಸರಳ ಪ್ರಶ್ನಾವಳಿಯೊಂದನ್ನು ಫ್ರಾನ್ಸಿನ ವೈದ್ಯರು 2005ರಲ್ಲಿ ಪ್ರಕಟಿಸಿದರು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ನರಜನ್ಯ ನೋವಿನ ಸಂಭವ ಹೆಚ್ಚು. ಇದಕ್ಕೆ ಯಂತ್ರ ಬೇಕಿಲ್ಲ, ಹತ್ತು ನಿಮಿಷದ ಸಮಯ ಸಾಕು. ಆದುದರಿಂದ ವೈದ್ಯರ ಮುಂದೆ ಕುಳಿತಾಗ ‘ನೋವು ಸ್ವಾಮಿ’ ಎಂದಷ್ಟೇ ಹೇಳಿ ಮುಗಿಸದೆ, ಎಂತಹ ನೋವು ಎಂಬುದನ್ನು ನಿಮ್ಮದೇ ಮಾತಿನಲ್ಲಿ ಬಿಡಿಸಿ ಹೇಳಬೇಕು.

ನಮ್ಮ ಸೀಮೆಯ ಕಾರಣಗಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಈ ನೋವಿಗೆ ಕಾರಣಗಳು ಹಲವು. ಸಕ್ಕರೆ ಕಾಯಿಲೆ ಎಲ್ಲೆಡೆ ಇರುವಂತೆ ಇಲ್ಲಿಯೂ ಮೊದಲನೆಯದು. ಹೆದ್ದಾರಿ ಹಾದುಹೋಗುವ ಶಿರಾದಂತಹ ಕಡೆ ಬೈಕಿನಿಂದ ಬಿದ್ದು, ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳು ಬುಡದಿಂದಲೇ ಕಿತ್ತುಬರುವ ಅಪಘಾತಗಳು ಸಂಭವಿಸುತ್ತವೆ. ನಿಶ್ಚೇಷ್ಟಿತವಾದ ಆ ತೋಳು ಉರಿಯುವ ಪರಿ ಅನುಭವಿಸಿದವರಿಗೇ ಗೊತ್ತು. ತೆಂಗು, ಅಡಿಕೆ, ಹುಣಸೆ ಮರಗಳಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು, ಪಾರ್ಶ್ವವಾಯು ಬಡಿದ ಕೆಲವು ತಿಂಗಳ ನಂತರ ಅರ್ಧ ಮೈ ಉರಿಯತೊಡಗಿದವರು, ಹಿಂದೆ ಕುಷ್ಠರೋಗವಿದ್ದು ಗುಣವಾದವರು ಇವರಲ್ಲಿಯೂ ಈ ನೋವು ಕಾಣುತ್ತದೆ.

ಪಾವಗಡದ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಅಲ್ಲಿನ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂಬುದು ಎಲ್ಲರೂ ಬಲ್ಲ ಸಂಗತಿ. ಶಿರಾ, ಮಧುಗಿರಿ ತಾಲ್ಲೂಕುಗಳ ಹಲವು ಊರುಗಳಿಗೂ ಈ ಬಾಧೆ ತಪ್ಪಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಮಾನದಂಡ. ಹಲ್ಲಿನ ಮೇಲಿನ ಕಂದು ಗೆರೆಗಳನ್ನಷ್ಟೇ ಜನ ಗುರುತಿಸುತ್ತಾರೆ. ಆದರೆ ದಶಕಗಟ್ಟಲೆ ಇಂತಹ ನೀರು ಕುಡಿದವರ ಬೆನ್ನುಮೂಳೆ ಬೆಳೆದು ಗಡುಸಾಗಿ, ಒಳಗಿನ ಬೆನ್ನುಹುರಿಯನ್ನೂ ನರಗಳ ಬುಡವನ್ನೂ ಅದುಮುವ ಹಂತ ಮುಟ್ಟಬಹುದು. ದಕ್ಷಿಣ ಭಾರತದಲ್ಲಿ ಈ ಮೂಳೆರೋಗವನ್ನು ನೆಲ್ಲೂರು ಸೀಮೆಯ ಹಳ್ಳಿಗರಲ್ಲಿ ಗುರುತಿಸಿ ವೈದ್ಯರು ವರದಿ ಮಾಡಿದ್ದು 1937ರಲ್ಲಿ. ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಬೆನ್ನು ಬಗ್ಗಿಸಲಾಗದೆ, ಕಾಲಿನಲ್ಲಿ ಬಿಗಿತವೂ ಜೋಮೂ ಉರಿಯೂ ಒಟ್ಟಾಗಿ ಬಂದವರು ನೋವಿನ ಚಿಕಿತ್ಸೆಗಿಂತ ಮೊದಲು ಬೆನ್ನುಹುರಿಯ ಮೇಲೆ ಒತ್ತಡವಿದೆಯೇ ಎಂದು ತೋರಿಸಿಕೊಳ್ಳಬೇಕು. ಒತ್ತಡವಿದ್ದಲ್ಲಿ ಕಾಂತಶಕ್ತಿಯಿಂದ ಅದು ಸಡಿಲವಾಗದು.

ನಮ್ಮ ಓದುಗರಲ್ಲಿ ಬಹುಪಾಲು ಶಾಕಾಹಾರಿಗಳಾದುದರಿಂದ ಇನ್ನೊಂದು ಕಾರಣವನ್ನು ಮರೆಯಲಾಗದು. ನರಗಳ ಪೋಷಣೆಗೆ ಬೇಕಾದ ಬಿ12 ಜೀವಸತ್ವ ಸಸ್ಯಾಹಾರದಲ್ಲಿ ಇಲ್ಲ. ಹಾಲು, ಮೊಸರುಗಳಿಂದಷ್ಟೇ ದೊರೆಯಬೇಕು. ವಯಸ್ಸಾದಂತೆ ಅದನ್ನು ಹೀರಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ದೀರ್ಘಕಾಲ ತೆಗೆದುಕೊಳ್ಳುವವರಲ್ಲಿ ಅದು ಮತ್ತಷ್ಟು ಇಳಿಯಬಹುದು. ಕಾಲುರಿಯ ಕಾರಣ ಇದೇ ಆಗಿದ್ದರೆ, ಕೆಲವು ಚುಚ್ಚುಮದ್ದುಗಳಿಂದ ಸರಿಹೋಗಬಹುದಾದ ತೊಂದರೆಗೆ ದೂರದ ಯಂತ್ರವನ್ನು ಹುಡುಕಿ ಹೋಗಬೇಕಿಲ್ಲ.

ಸರ್ಪಸುತ್ತಿನ ವಿಷಯದಲ್ಲಿ ಮೊದಲ ಮೂರು ದಿನಗಳಿಗೆ ಬೆಲೆ ಹೆಚ್ಚು. ಗುಳ್ಳೆ ಎದ್ದ 72 ಗಂಟೆಗಳೊಳಗೆ ವೈರಸ್ಸನ್ನು ಅಡಗಿಸುವ ಔಷಧಿ ಆರಂಭವಾದರೆ ಗುಳ್ಳೆಗಳು ಬೇಗ ಒಣಗುತ್ತವೆ, ಆ ದಿನಗಳ ನೋವೂ ತಗ್ಗುತ್ತದೆ. ಆ ಮೂರು ದಿನ ಕೆಮ್ಮಣ್ಣು ಬಳಿಸುವುದರಲ್ಲಿಯೂ ಮಂತ್ರ ಹಾಕಿಸುವುದರಲ್ಲಿಯೂ ಕಳೆದುಹೋಗುವುದನ್ನು ನಾವು ನೋಡುತ್ತಲೇ ಇದ್ದೇವೆ. ಹಿರಿಯರ ಮನಸ್ಸಿನ ಸಮಾಧಾನಕ್ಕೆ ಅದನ್ನು ಮಾಡಿಸುವುದಿದ್ದರೆ, ಆಸ್ಪತ್ರೆಗೆ ಹೋಗಿಬಂದ ಮೇಲೆ ಮಾಡಿಸಲಿ.

ಮಿದುಳಿಗೂ ಪಾದದ ಉರಿಗೂ ಏನು ಸಂಬಂಧ?

ಪಾದದ ನೋವಿಗೆ ತಲೆಗೆ ಚಿಕಿತ್ಸೆಯೇ ಎಂದು ಯಾರಿಗಾದರೂ ಅನಿಸೀತು. ನರದ ಸುದ್ದಿ ಬೆನ್ನುಹುರಿಯನ್ನು ಸೇರಿ, ಅಲ್ಲಿಂದ ಮಿದುಳಿನ ಒಳಭಾಗದ ಥಲಾಮಸ್ ಎಂಬ ಕೇಂದ್ರವನ್ನು ದಾಟಿ, ಮಿದುಳಿನ ಹೊರಪದರವನ್ನು ಮುಟ್ಟಿದ ಮೇಲೆಯೇ ಅದು ನಮಗೆ ನೋವೆಂದು ತಿಳಿಯುವುದು. ಈ ದಾರಿ ಒಮ್ಮುಖದ್ದಲ್ಲ. ಮಿದುಳಿನಿಂದ ಬೆನ್ನುಹುರಿಗೆ ಇಳಿದುಬರುವ ದಾರಿಗಳೂ ಇವೆ. ಬರುವ ಸುದ್ದಿಯಲ್ಲಿ ಎಷ್ಟನ್ನು ಒಳಬಿಡಬೇಕು, ಎಷ್ಟನ್ನು ತಡೆಯಬೇಕು ಎಂದು ಅವು ನಿಯಂತ್ರಿಸುತ್ತವೆ. ಬೆನ್ನುಹುರಿಯಲ್ಲಿ ಇಂತಹ ಬಾಗಿಲಿದೆ ಎಂಬ ಸಿದ್ಧಾಂತವನ್ನು ಮೆಲ್‌ಝಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಮಂಡಿಸಿದರು. ಹೊಲದಲ್ಲಿ ಹಾವು ಕಂಡು ಓಡುವಾಗ ಕಾಲಿಗೆ ಚುಚ್ಚಿದ ಮುಳ್ಳು ಮನೆ ಸೇರಿದ ಮೇಲಷ್ಟೇ ತಿಳಿಯುವುದು ಈ ನಿಯಂತ್ರಣದಿಂದಲೇ.

ನರಕ್ಕೆ ಪೆಟ್ಟುಬಿದ್ದು ಬಹುಕಾಲವಾದರೆ ಈ ಬಾಗಿಲು ಸಡಿಲವಾಗುತ್ತದೆ. ಬೆನ್ನುಹುರಿಯ ಕೋಶಗಳು ಸಣ್ಣ ಸುದ್ದಿಗೂ ದೊಡ್ಡದಾಗಿ ಕೂಗತೊಡಗುತ್ತವೆ. ಮಿದುಳಿನ ಹೊರಪದರದಲ್ಲಿ ಅತಿ ಉದ್ರೇಕವನ್ನು ತಡೆಯುವ ವ್ಯವಸ್ಥೆಯೂ ಬಲಗುಂದುತ್ತದೆ. ಅಂಗಿಯ ಸ್ಪರ್ಶವೇ ಬೆಂಕಿಯಾಗುವುದು ಹೀಗೆ. ಆದುದರಿಂದ ದೋಷ ಕಾಲಿನ ನರದಲ್ಲಿ ಹುಟ್ಟಿದ್ದರೂ, ಅದನ್ನು ತಗ್ಗಿಸುವ ಕೀಲಿ ಮಿದುಳಿನಲ್ಲಿರಬಹುದು ಎಂಬ ಊಹೆಗೆ ಆಧಾರ ದೊರೆಯಿತು. ಆ ಕೀಲಿ ಸಿಕ್ಕಿದ್ದು ಮಾತ್ರ ಯಾರೂ ನಿರೀಕ್ಷಿಸದ ಜಾಗದಲ್ಲಿ. ಕೈಕಾಲುಗಳನ್ನು ಚಲಿಸಲು ಆಜ್ಞೆ ನೀಡುವ ಭಾಗಕ್ಕೆ ಚಾಲಕ ಪದರ ಎನ್ನುತ್ತಾರೆ. 1991ರಲ್ಲಿ ಜಪಾನಿನ ಸುಬೊಕಾವಾ ಮತ್ತು ಸಂಗಡಿಗರು, ಪಾರ್ಶ್ವವಾಯುವಿನ ನಂತರ ಉಳಿದ ತೀವ್ರ ನೋವಿನ ರೋಗಿಗಳಲ್ಲಿ ತಲೆಬುರುಡೆ ತೆರೆದು ಈ ಚಾಲಕ ಪದರದ ಮೇಲೆ ವಿದ್ಯುದ್ವಾರಗಳನ್ನು ಇರಿಸಿ ಪ್ರಚೋದಿಸಿದಾಗ ನೋವು ತಗ್ಗಿದ್ದನ್ನು ವರದಿ ಮಾಡಿದರು. ನೋವನ್ನು ಗ್ರಹಿಸುವ ಭಾಗವನ್ನಲ್ಲದೆ ಚಲನೆಯ ಭಾಗವನ್ನು ಪ್ರಚೋದಿಸಿದರೆ ನೋವೇಕೆ ತಗ್ಗಬೇಕು? ಚಾಲಕ ಪದರದಿಂದ ಹೊರಟ ಪ್ರಚೋದನೆ ಥಲಾಮಸ್ ಹಾಗೂ ಮಿದುಳಿನ ಆಳದ ಇತರ ಕೇಂದ್ರಗಳಿಗೆ ಹರಡಿ, ಮೇಲಿನಿಂದ ಇಳಿಯುವ ನೋವು ತಡೆಯುವ ದಾರಿಗಳನ್ನು ಎಚ್ಚರಿಸುತ್ತದೆ ಎಂಬುದು ಈಗಿನ ತಿಳಿವಳಿಕೆ. ಅಫೀಮಿನ ಗುಣವುಳ್ಳ ರಾಸಾಯನಿಕಗಳನ್ನು ನಮ್ಮ ದೇಹವೇ ತಯಾರಿಸುತ್ತದೆ. ಅವುಗಳನ್ನು ತಡೆಯುವ ನೆಲಾಕ್ಸೋನ್ ಎಂಬ ಔಷಧಿಯನ್ನು ಮೊದಲೇ ಕೊಟ್ಟರೆ ಚಾಲಕ ಪದರದ ಪ್ರಚೋದನೆಯ ಶಮನಗುಣ ಗಣನೀಯವಾಗಿ ಕುಂದುತ್ತದೆಂದು 2011ರಲ್ಲಿ ಆರೋಗ್ಯವಂತ ಸ್ವಯಂಸೇವಕರ ಮೇಲೆ ನಡೆದ ಪ್ರಯೋಗ ತೋರಿಸಿತು. ಅಂದರೆ ಈ ಚಿಕಿತ್ಸೆ ಹೊರಗಿನಿಂದ ಔಷಧಿ ತುಂಬುವುದಿಲ್ಲ. ಒಳಗಿರುವ ಔಷಧಶಾಲೆಯ ಬಾಗಿಲನ್ನು ತಟ್ಟುತ್ತದೆ.

ಬುರುಡೆ ತೆರೆಯದೆ ಇದನ್ನೇ ಸಾಧಿಸುವ ಉಪಾಯ ಅದಕ್ಕೂ ಮೊದಲೇ ಸಿದ್ಧವಾಗಿತ್ತು. ಬದಲಾಗುತ್ತಿರುವ ಕಾಂತಕ್ಷೇತ್ರ ತನ್ನ ಸಮೀಪದ ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆಂದು ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡನು. ಫ್ರಾನ್ಸಿನ ದಾರ್ಸೊನ್ವಾಲ್ 1896ರಲ್ಲಿ ದೊಡ್ಡ ತಂತಿಸುರುಳಿಯೊಳಗೆ ತಲೆಯಿಟ್ಟವರಿಗೆ ಕಣ್ಣೆದುರು ಬೆಳಕಿನ ಮಿಣುಕು ಕಂಡಿತೆಂದು ಬರೆದನು. ಆದರೆ ಹೊರಗಿನ ಸುರುಳಿಯಿಂದ ಮಿದುಳಿನ ಚಾಲಕ ಪದರವನ್ನು ಪ್ರಚೋದಿಸಿ ಕೈಬೆರಳನ್ನು ಕುಣಿಸಿ ತೋರಿಸಿದ್ದು 1985ರಲ್ಲಿ, ಇಂಗ್ಲೆಂಡಿನ ಶೆಫೀಲ್ಡ್ ನಗರದ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರು. ಟ್ರಾನ್ಸ್‌ಕ್ರೇನಿಯಲ್ ಮ್ಯಾಗ್ನೆಟಿಕ್ ಸ್ಟಿಮ್ಯುಲೇಷನ್ ಎಂಬ ಉದ್ದನೆಯ ಹೆಸರಿನ, ಆಸ್ಪತ್ರೆಗಳಲ್ಲಿ ಟಿಎಂಎಸ್ ಎಂದೇ ಕರೆಯುವ ಚಿಕಿತ್ಸೆ ಇದೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಮಾತ್ರೆಗೆ ಬಗ್ಗದ ಖಿನ್ನತೆಗೆ ಇದನ್ನು ಬಳಸಲು ಒಪ್ಪಿಗೆ ನೀಡಿತು. ನೋವಿನ ವಿಷಯದಲ್ಲಿ ಹೆಚ್ಚಿನ ಕೆಲಸ ನಡೆದದ್ದು ಫ್ರಾನ್ಸಿನಲ್ಲಿ.

ಚಿಕಿತ್ಸೆ ನಡೆಯುವ ಬಗೆ

ರೋಗಿಯನ್ನು ಒರಗುಕುರ್ಚಿಯಲ್ಲಿ ಕೂರಿಸುತ್ತಾರೆ. ಅರಿವಳಿಕೆ ಇಲ್ಲ, ಚುಚ್ಚುಮದ್ದಿಲ್ಲ, ಕೂದಲು ತೆಗೆಯುವುದೂ ಇಲ್ಲ. ಇಂಗ್ಲಿಷಿನ ಎಂಟರ ಅಂಕಿಯ ಆಕಾರದ ತಂತಿಸುರುಳಿಯನ್ನು ತಲೆಗೆ ತಾಗುವಂತೆ ಹಿಡಿಯುತ್ತಾರೆ. ಸುರುಳಿಯಲ್ಲಿ ಕ್ಷಣಮಾತ್ರ ಬಲವಾದ ವಿದ್ಯುತ್ತು ಹರಿದಾಗ ಸುಮಾರು ಎರಡು ಟೆಸ್ಲಾದವರೆಗಿನ ಕಾಂತಕ್ಷೇತ್ರ ಮೂಡಿ, ಸೆಕೆಂಡಿನ ಸಾವಿರದ ಒಂದು ಭಾಗದೊಳಗೆ ಅಡಗುತ್ತದೆ. ಅದು ಭೂಮಿಯ ಕಾಂತಕ್ಷೇತ್ರಕ್ಕಿಂತ ಹತ್ತಾರು ಸಾವಿರ ಪಟ್ಟು ಬಲವಾದದ್ದು. ಆದರೂ ಅದರ ಪ್ರಭಾವ ಎರಡು ಮೂರು ಸೆಂಟಿಮೀಟರು ಆಳದಲ್ಲಿಯೇ ಕ್ಷೀಣಿಸುತ್ತದೆ. ಮೊದಲು ಬಿಡಿ ಮಿಡಿತಗಳನ್ನು ಕೊಟ್ಟು, ಕೈಯ ಸ್ನಾಯು ಯಾವ ಜಾಗದಲ್ಲಿ, ಎಷ್ಟು ಬಲಕ್ಕೆ ಅಲುಗುತ್ತದೆಂದು ಹುಡುಕುತ್ತಾರೆ. ಪ್ರತಿಯೊಬ್ಬರ ತಲೆಯೂ ಬೇರೆಯಾದುದರಿಂದ ಈ ಅಳತೆ ಪ್ರತಿಯೊಬ್ಬರಿಗೂ ಬೇರೆಯಾಗಿ ಆಗಬೇಕು. ಅನಂತರ ಆ ಬಲಕ್ಕಿಂತ ತುಸು ಕಡಿಮೆಯಲ್ಲಿ, ಸೆಕೆಂಡಿಗೆ ಹತ್ತು ಅಥವಾ ಇಪ್ಪತ್ತರಂತೆ, ನಡುನಡುವೆ ಬಿಡುವು ಕೊಡುತ್ತಾ, ಒಂದು ಬಾರಿಗೆ 1,500ರಿಂದ 3,000 ಮಿಡಿತಗಳನ್ನು ಹಾಯಿಸುತ್ತಾರೆ. ನೋವು ಎಡಗಡೆಯಿದ್ದರೆ ಮಿದುಳಿನ ಬಲಭಾಗಕ್ಕೆ, ಬಲಗಡೆಯಿದ್ದರೆ ಎಡಭಾಗಕ್ಕೆ. ಇಷ್ಟಕ್ಕೆ ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ. ಸುರುಳಿ ಟಿಕ್ ಟಿಕ್ ಎಂದು ಜೋರಾಗಿ ಸದ್ದು ಮಾಡುವುದರಿಂದ ಕಿವಿಗೆ ಬಿರಟೆ ಹಾಕುತ್ತಾರೆ. ನೆತ್ತಿಯನ್ನು ಬೆರಳಿನಿಂದ ಕುಟ್ಟಿದಂತೆ ಅನುಭವವಾಗುತ್ತದೆ. ಮುಗಿದ ಮೇಲೆ ರೋಗಿ ಎದ್ದು ನಡೆದು ಹೋಗಬಹುದು.

ಕಿವಿಯ ವಾಲೆ, ಮೂಗುತಿ, ಕೂದಲ ಪಿನ್ನು, ಕನ್ನಡಕ, ಕಿವಿಯ ಯಂತ್ರ ಇವನ್ನು ತೆಗೆದಿಡಬೇಕು. ಕೊರಳಲ್ಲಿ ಕರಡಿಗೆ ಧರಿಸುವವರು ಅದನ್ನು ಮೊದಲೇ ಸಿಬ್ಬಂದಿಗೆ ತಿಳಿಸಿ ಅವರ ಸೂಚನೆಯಂತೆ ನಡೆಯುವುದು ಲೇಸು. ಚಿಕಿತ್ಸೆಗೆ ಮುನ್ನ ಎಂಆರ್‌ಐ ಮಾಡಿಸಲು ಹೇಳಿದ್ದರಂತೂ ಲೋಹದ ಕರಡಿಗೆಯನ್ನು ಆ ಕೊಠಡಿಯೊಳಗೆ ಒಯ್ಯಲಾಗದು. ಅದನ್ನು ಎಲ್ಲಿಡುವುದೆಂದು ಕೊನೆಯ ಗಳಿಗೆಯಲ್ಲಿ ಹಿರಿಯರು ಚಡಪಡಿಸುತ್ತಾರೆ; ಆದುದರಿಂದ ಅದನ್ನು ಶುಚಿಯಾಗಿ ಹಿಡಿದುಕೊಳ್ಳಬಲ್ಲ ಮನೆಯವರೊಬ್ಬರು ಜೊತೆಯಲ್ಲಿರಲಿ.

ಫಲ ಎಷ್ಟು?

ನೋವಿನ ಚಿಕಿತ್ಸೆಯನ್ನು ಅಳೆಯುವುದು ಕಷ್ಟ. ದೊಡ್ಡ ಯಂತ್ರದ ಮುಂದೆ ಕುಳಿತೆವೆಂಬ ಭರವಸೆಯೇ ಕೆಲವರ ನೋವನ್ನು ತಗ್ಗಿಸುತ್ತದೆ. ಆದುದರಿಂದ ಪ್ರಯೋಗಗಳಲ್ಲಿ ಅರ್ಧ ಮಂದಿಗೆ ಸದ್ದು ಮಾಡುವ ಆದರೆ ಮಿದುಳನ್ನು ಮುಟ್ಟದ ಹುಸಿಸುರುಳಿಯನ್ನು ಬಳಸಿ ಹೋಲಿಸುತ್ತಾರೆ. 2021ರಲ್ಲಿ ಪ್ರಕಟವಾದ ಫ್ರಾನ್ಸಿನ ಪ್ರಯೋಗವೊಂದರಲ್ಲಿ ನಾಲ್ಕು ಕೇಂದ್ರಗಳ 149 ರೋಗಿಗಳಿಗೆ 22 ವಾರಗಳಲ್ಲಿ 15 ಬಾರಿ ಚಿಕಿತ್ಸೆ ನೀಡಲಾಯಿತು. ಚಾಲಕ ಪದರಕ್ಕೆ ಮಿಡಿತ ಪಡೆದವರ ನೋವು ಹುಸಿಚಿಕಿತ್ಸೆಯವರಿಗಿಂತ ಹೆಚ್ಚು ಇಳಿಯಿತು, ವಾರಗಳು ಕಳೆದಂತೆ ಅಂತರ ಬೆಳೆಯಿತು. ಖಿನ್ನತೆಗೆ ಬಳಸುವ ಹಣೆಯ ಹಿಂದಿನ ಭಾಗಕ್ಕೆ ಅಷ್ಟೇ ಮಿಡಿತ ಪಡೆದವರಿಗೆ ಹುಸಿಚಿಕಿತ್ಸೆಗಿಂತ ಹೆಚ್ಚಿನ ಪ್ರಯೋಜನವಾಗಲಿಲ್ಲ. ಈ ಎರಡನೆಯ ಫಲಿತಾಂಶ ನಮಗೆ ಬಹಳ ಮುಖ್ಯವೆಂದು ತೋರುತ್ತದೆ. ಯಂತ್ರ ಒಂದೇ, ಸುರುಳಿಯನ್ನು ಇಡುವ ಜಾಗ ಬೇರೆಯಾದರೆ ಫಲವೂ ಬೇರೆ.

ಜಪಾನಿನಲ್ಲಿ 144 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ವಿರುದ್ಧವಾದ ಉತ್ತರ ಕೊಟ್ಟಿತು. ಅಲ್ಲಿ ಐದು ದಿನ, ದಿನಕ್ಕೆ 500 ಮಿಡಿತ ಕೊಟ್ಟಿದ್ದರು. ಹುಸಿಚಿಕಿತ್ಸೆಗೂ ನಿಜಚಿಕಿತ್ಸೆಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮಿಡಿತಗಳ ಸಂಖ್ಯೆಯೂ ದಿನಗಳೂ ಕಡಿಮೆಯಾದುದೇ ಕಾರಣವಿರಬಹುದೆಂಬ ವಾದವಿದೆ. ಅದಕ್ಕೂ ಮೊದಲು, 2018ರ ಕಾಕ್ರೇನ್ ಪರಿಶೀಲನೆ, ದೀರ್ಘಕಾಲದ ನೋವಿನಲ್ಲಿ ಈ ಚಿಕಿತ್ಸೆಯ ಲಾಭ ಅಲ್ಪವೂ ಅಲ್ಪಾವಧಿಯದೂ ಆಗಿದೆ, ಆಧಾರದ ಗುಣಮಟ್ಟವೂ ಸಾಲದು ಎಂದಿತ್ತು. ಯುರೋಪಿನ ತಜ್ಞರ 2020ರ ಮಾರ್ಗದರ್ಶಿ ನರಜನ್ಯ ನೋವಿಗೆ ಚಾಲಕ ಪದರದ ಶೀಘ್ರಗತಿಯ ಪ್ರಚೋದನೆಯನ್ನು ಅತ್ಯುನ್ನತ ದರ್ಜೆಯ ಆಧಾರವುಳ್ಳ ಚಿಕಿತ್ಸೆಗಳ ಸಾಲಿಗೆ ಸೇರಿಸಿದೆ. ಅಂತರರಾಷ್ಟ್ರೀಯ ನೋವುತಜ್ಞರ ತಂಡ 2025ರಲ್ಲಿ ಇದಕ್ಕೆ ಮೂರನೆಯ ಸಾಲಿನ ಸ್ಥಾನ ಕೊಟ್ಟಿತು, ಎಂದರೆ ಮೊದಲೆರಡು ಸಾಲಿನ ಔಷಧಿಗಳು ಫಲಿಸದಿದ್ದಾಗ ಯೋಚಿಸಬೇಕಾದದ್ದು.

ಇವನ್ನೆಲ್ಲ ಒಟ್ಟಾಗಿ ನೋಡಿದಾಗ ನಮ್ಮ ಅಭಿಪ್ರಾಯ ಇದು: ಚಿಕಿತ್ಸೆ ನಿಜವಾದದ್ದು, ಆದರೆ ಪವಾಡವಲ್ಲ. ಕೆಲವರ ನೋವು ಮೂರನೆಯ ಒಂದು ಭಾಗ ಅಥವಾ ಅರ್ಧದಷ್ಟು ಇಳಿಯುತ್ತದೆ. ಕೆಲವರಿಗೆ ಏನೂ ಆಗುವುದಿಲ್ಲ. ಇಳಿದವರಿಗೂ ಆಗಾಗ ಮರುಚಿಕಿತ್ಸೆ ಬೇಕಾಗುತ್ತದೆ. ಹತ್ತಕ್ಕೆ ಎಂಟಿದ್ದ ನೋವು ಐದಕ್ಕೆ ಇಳಿದರೆ ರಾತ್ರಿ ನಾಲ್ಕು ಗಂಟೆ ನಿದ್ದೆ ಬರುತ್ತದೆ, ಕಡಲೆಕಾಯಿ ಬಿಡಿಸಲು ಕೂರಲಾಗುತ್ತದೆ. ನೋವಿದ್ದವರಿಗೆ ಅದು ಸಣ್ಣ ಲಾಭವಲ್ಲ. ಔಷಧಿಗಳೂ ಇದಕ್ಕಿಂತ ಮಹಾ ಫಲ ಕೊಡುತ್ತವೆಂದಲ್ಲ. 2015ರ ಪರಿಶೀಲನೆಯ ಪ್ರಕಾರ, ಹುಸಿಮಾತ್ರೆಯ ಪರಿಣಾಮವನ್ನು ಕಳೆದು ನೋಡಿದರೆ, ಅಮಿಟ್ರಿಪ್ಟಿಲಿನ್ ಜಾತಿಯ ಮಾತ್ರೆ ಪಡೆದ ಸುಮಾರು ನಾಲ್ವರಲ್ಲಿ ಒಬ್ಬರಿಗೆ, ಪ್ರೆಗಬಾಲಿನ್ ಪಡೆದ ಸುಮಾರು ಎಂಟು ಮಂದಿಯಲ್ಲಿ ಒಬ್ಬರಿಗೆ ಒಳ್ಳೆಯ ಶಮನ ದೊರೆಯುತ್ತದೆ.

ಹಾಸಿಗೆ ಮಾರುವವರ ಮಾತು

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳದೆ ಮುಂದೆ ಹೋಗಲಾರೆವು. ಅಯಸ್ಕಾಂತದ ಹಾಸಿಗೆ, ಬಳೆ, ಮಂಡಿಪಟ್ಟಿ, ಅಯಸ್ಕಾಂತದಲ್ಲಿಟ್ಟ ನೀರು ಎಂದು ಊರೂರಿಗೆ ಬಂದು ಸಭೆ ಸೇರಿಸಿ ಮಾರುವವರಿದ್ದಾರೆ. ‘ವಿದೇಶದಲ್ಲಿ ಕಾಂತಶಕ್ತಿಯಿಂದ ನರರೋಗ ಗುಣಮಾಡುತ್ತಾರೆ’ ಎಂಬ ಅರ್ಧಸತ್ಯವನ್ನು ಅವರು ಬಳಸಿಕೊಳ್ಳುತ್ತಾರೆ. ಫ್ಯಾರಡೆಯ ನಿಯಮವನ್ನು ನೆನೆಯಿರಿ: ವಿದ್ಯುತ್ತು ಹುಟ್ಟುವುದು ಕಾಂತಕ್ಷೇತ್ರ ಬದಲಾದಾಗ. ಹಾಸಿಗೆಯೊಳಗೆ ಹೊಲಿದ ಅಯಸ್ಕಾಂತದ ಕ್ಷೇತ್ರ ದುರ್ಬಲ, ಜೊತೆಗೆ ಅದು ಬದಲಾಗುವುದೇ ಇಲ್ಲ. ಅದರ ಮೇಲೆ ಹತ್ತು ವರ್ಷ ಮಲಗಿದರೂ ಒಂದು ನರವೂ ಪ್ರಚೋದನೆಗೊಳ್ಳದು. ಇಂತಹ ಸ್ಥಿರ ಅಯಸ್ಕಾಂತಗಳ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ 2007ರ ಪರಿಶೀಲನೆಯೊಂದು, ನೋವು ನಿವಾರಣೆಗೆ ಅವನ್ನು ಶಿಫಾರಸು ಮಾಡಲು ಆಧಾರವಿಲ್ಲವೆಂದು ತೀರ್ಮಾನಿಸಿತು. ಮೇಕೆ ಮಾರಿ, ಚೀಟಿ ಎತ್ತಿ ಇಂತಹ ಹಾಸಿಗೆ ಕೊಂಡ ಮನೆಗಳಿವೆ. ಆ ಹಣದಲ್ಲಿ ವರ್ಷಗಟ್ಟಲೆ ಸರಿಯಾದ ಮಾತ್ರೆ ಬರುತ್ತಿತ್ತು.

ಯಾರಿಗೆ ಸಲ್ಲದು, ಯಾರು ಹೋಗಬಹುದು

ಕಿವಿಯೊಳಗೆ ಕಾಕ್ಲಿಯರ್ ಯಂತ್ರ ಅಳವಡಿಸಿಕೊಂಡವರು, ಮಿದುಳಿನ ರಕ್ತನಾಳಕ್ಕೆ ಕಬ್ಬಿಣಾಂಶದ ಕ್ಲಿಪ್ಪು ಹಾಕಿಸಿಕೊಂಡವರು, ತಲೆಯೊಳಗೆ ಲೋಹದ ಚೂರು ಉಳಿದವರು ಈ ಚಿಕಿತ್ಸೆಗೆ ಹೋಗುವಂತಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇರುವವರ ವಿಷಯವನ್ನು ಹೃದಯವೈದ್ಯರ ಜೊತೆ ಚರ್ಚಿಸಿಯೇ ನಿರ್ಧರಿಸಬೇಕು. ಮುಖ್ಯ ಅಪಾಯವೆಂದರೆ ಮೂರ್ಛೆ. ಅದು ಬಹಳ ಅಪರೂಪ, ಸಾವಿರ ಬಾರಿಯ ಚಿಕಿತ್ಸೆಯಲ್ಲಿ ಒಂದಕ್ಕಿಂತಲೂ ಎಷ್ಟೋ ಕಡಿಮೆ. ಆದರೂ ಹಿಂದೆ ಮೂರ್ಛೆರೋಗವಿದ್ದವರು, ಮೂರ್ಛೆಯ ಹೊಸ್ತಿಲು ತಗ್ಗಿಸುವ ಔಷಧಿ ತೆಗೆದುಕೊಳ್ಳುವವರು, ಮದ್ಯಪಾನ ಮಾಡುವವರು ಅದನ್ನು ಮುಚ್ಚಿಡಬಾರದು. ಹಿಂದಿನ ರಾತ್ರಿ ನಿದ್ದೆಗೆಟ್ಟಿರಬಾರದು. ತಲೆನೋವು, ನೆತ್ತಿಯ ನೋವು ಸಾಮಾನ್ಯ. ಒಂದೆರಡು ದಿನದಲ್ಲಿ ಹೋಗುತ್ತವೆ.

ಮೊದಲ ಹೆಜ್ಜೆ ಎಂದಿಗೂ ಕಾರಣ ಹುಡುಕುವುದು. ಸಕ್ಕರೆ ಹತೋಟಿ, ಬಿ12, ಬೆನ್ನುಹುರಿಯ ಒತ್ತಡ ಇವನ್ನು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಮಟ್ಟದಲ್ಲಿಯೇ ವಿಚಾರಿಸಬಹುದು. ಎರಡನೆಯದು ಔಷಧಿ. ಅಮಿಟ್ರಿಪ್ಟಿಲಿನ್ ಹಳೆಯ, ಅಗ್ಗದ ಮಾತ್ರೆ; ರಾತ್ರಿ 10 ಮಿಲಿಗ್ರಾಂನಿಂದ ಆರಂಭಿಸಿ ನಿಧಾನವಾಗಿ ಏರಿಸುತ್ತಾರೆ. ಮೂತ್ರ ಕಟ್ಟುವ ತೊಂದರೆ, ಕಣ್ಣಿನ ಒತ್ತಡ, ಹೃದಯದ ಮಿಡಿತದ ದೋಷ ಇರುವ ಹಿರಿಯರಿಗೆ ಅದು ಒಗ್ಗದು. ಗ್ಯಾಬಪೆಂಟಿನ್, ಪ್ರೆಗಬಾಲಿನ್, ಡುಲೋಕ್ಸೆಟಿನ್ ಇತರ ಆಯ್ಕೆಗಳು. ‘ಇದು ಮಾನಸಿಕ ರೋಗದ ಮಾತ್ರೆಯಂತೆ’ ಎಂದು ಅಂಗಡಿಯವರಿಂದ ಕೇಳಿ ಬಿಟ್ಟುಬಿಡುವವರು ಬಹಳ. ಖಿನ್ನತೆಗೂ ಬಳಸುವ ಆ ಮಾತ್ರೆಗಳು ನೋವು ತಡೆಯುವ ದಾರಿಗಳ ಮೇಲೆ ಪ್ರತ್ಯೇಕವಾಗಿ ಕೆಲಸ ಮಾಡುತ್ತವೆ. ಸರಿಯಾದ ಪ್ರಮಾಣದಲ್ಲಿ ಕೆಲವು ವಾರಗಳಾದರೂ ನೋಡದೆ ಫಲವಿಲ್ಲವೆನ್ನಲಾಗದು.

ಇಂತಹ ಎರಡು ಮೂರು ಔಷಧಿಗಳು ಸೋತವರು ಮಾತ್ರ ಟಿಎಂಎಸ್ ಬಗ್ಗೆ ಕೇಳಬೇಕು. ನಮ್ಮ ರಾಜ್ಯದಲ್ಲಿ ಈ ಯಂತ್ರಗಳು ಹೆಚ್ಚಾಗಿ ಇರುವುದು ಬೆಂಗಳೂರಿನಲ್ಲಿ. ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯಲ್ಲಿ ಶಸ್ತ್ರಕ್ರಿಯೆಯಿಲ್ಲದೆ ಮಿದುಳನ್ನು ಪ್ರಚೋದಿಸುವ ಚಿಕಿತ್ಸೆಯೂ ಸಂಶೋಧನೆಯೂ ವರ್ಷಗಳಿಂದ ನಡೆದಿವೆ; ಖಾಸಗಿ ಆಸ್ಪತ್ರೆಗಳಲ್ಲಿಯೂ ಯಂತ್ರಗಳಿವೆ. ಬಹುತೇಕ ಕಡೆ ಅವು ಖಿನ್ನತೆ ಮತ್ತು ಗೀಳುರೋಗಕ್ಕೆ ಬಳಕೆಯಾಗುತ್ತವೆ. ಆದುದರಿಂದ ನರವಿಜ್ಞಾನ ವಿಭಾಗದ ಅಥವಾ ನೋವು ಚಿಕಿತ್ಸಾ ವಿಭಾಗದ ವೈದ್ಯರ ಪತ್ರ ಪಡೆದು ಹೋಗುವುದು, ‘ನೋವಿಗಾಗಿ ಚಾಲಕ ಪದರಕ್ಕೆ ಕೊಡುತ್ತೀರಾ, ಒಂದು ಬಾರಿಗೆ ಎಷ್ಟು ಮಿಡಿತ, ಒಟ್ಟು ಎಷ್ಟು ದಿನ, ಎಲ್ಲ ಸೇರಿ ಎಷ್ಟು ಖರ್ಚು, ಆಮೇಲೆ ಎಷ್ಟು ದಿನಕ್ಕೊಮ್ಮೆ ಬರಬೇಕು’ ಎಂದು ಮೊದಲೇ ಕೇಳಿಕೊಳ್ಳುವುದು ಅಗತ್ಯ. ಒಂದು ಬಾರಿಯ ದರವನ್ನು ಮಾತ್ರ ಹೇಳಿ ಸುಮ್ಮನಾಗುವ ಕಡೆ ಒಟ್ಟು ಲೆಕ್ಕವನ್ನು ಬರೆಯಿಸಿಕೊಳ್ಳಿ.

ಬಡವನಹಳ್ಳಿಯಿಂದ ಬೆಂಗಳೂರು ನೂರು ಕಿಲೋಮೀಟರಿಗೂ ಹೆಚ್ಚು. ಆರಂಭದಲ್ಲಿ ವಾರ ಹತ್ತು ದಿನ ಪ್ರತಿನಿತ್ಯ ಚಿಕಿತ್ಸೆಯಿರುವುದರಿಂದ ದಿನವೂ ಬಸ್ಸಿನಲ್ಲಿ ಹೋಗಿಬರುವುದು ನರಳುವವರಿಗೆ ಆಗದ ಮಾತು. ನಿದ್ದೆಗೇಡಿನಿಂದ ಮೂರ್ಛೆಯ ಅಪಾಯವೂ ಏರುತ್ತದೆ. ಆ ದಿನಗಳಿಗೆ ನಗರದಲ್ಲಿ ಬಂಧುಗಳ ಮನೆಯಲ್ಲೋ ಛತ್ರದಲ್ಲೋ ಉಳಿಯುವ ವ್ಯವಸ್ಥೆ ಬೇಕು. ಬಿತ್ತನೆ ಅಥವಾ ಕಡಲೆಕಾಯಿ ಕೀಳುವ ಕಾಲ ಬಿಟ್ಟು ದಿನ ಗೊತ್ತುಮಾಡಿಕೊಂಡರೆ ಜೊತೆಗೆ ಬರುವ ಮಕ್ಕಳಿಗೂ ಅನುಕೂಲ. ಸೆಳೆತವೂ ಬಿಗಿತವೂ ಇರುವವರು ಆ ಅವಧಿಯಲ್ಲಿ ನಡಿಗೆ, ವ್ಯಾಯಾಮಗಳನ್ನು ನಿಲ್ಲಿಸಬಾರದು; ನಡೆಯುತ್ತಿರುವ ಮಾತ್ರೆಗಳನ್ನೂ ತಾವಾಗಿ ಬಿಡಬಾರದು, ಹೊಸದನ್ನು ಸೇರಿಸಿಕೊಳ್ಳಲೂಬಾರದು.

ಹೊರಡುವ ಎರಡು ವಾರ ಮೊದಲೇ ಒಂದು ಸಣ್ಣ ನೋಟುಪುಸ್ತಕ ಮಾಡಿ, ಪ್ರತಿ ಸಂಜೆ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಿ, ರಾತ್ರಿ ಎಷ್ಟು ಗಂಟೆ ನಿದ್ದೆ ಬಂತೆಂಬುದನ್ನು ಬರೆಯಿರಿ. ಅಕ್ಷರ ಬಾರದ ಹಿರಿಯರಿಗೆ ಮೊಮ್ಮಕ್ಕಳು ಬರೆದುಕೊಡಲಿ. ಚಿಕಿತ್ಸೆಯ ದಿನಗಳಲ್ಲಿಯೂ ಆಮೇಲಿನ ಎರಡು ತಿಂಗಳೂ ಇದು ಮುಂದುವರಿಯಲಿ. ಮರುಚಿಕಿತ್ಸೆಗೆ ಕರೆದಾಗ ವೈದ್ಯರ ಮುಂದೆ ಆ ಪುಸ್ತಕವನ್ನು ಬಿಚ್ಚಿಟ್ಟು, ಮುಂದುವರಿಸುವುದರಲ್ಲಿ ಅರ್ಥವಿದೆಯೇ ಎಂದು ಕೇಳಿ.